ನೋಯದೆ ಓಡಿದ ಎಡಗಾಲು

ಆ ವರ್ಷ ನನ್ನ ಎಡಗಾಲು ಸ್ವರ್ಗದಲ್ಲಿತ್ತು. ಬಲಗಾಲು ಮಾತ್ರ ಎಂದಿನಂತೆ ಹೊಳೆನರಸೀಪುರದಲ್ಲೇ ಇತ್ತು. ಬಲಗಾಲಿಗೆ ನಾಲೆ ಏರಿಯ ಪ್ರತಿ ಕಲ್ಲೂ ಗೊತ್ತಾಗುತ್ತಿತ್ತು, ಕಾಲುಚೀಲದ ಹೊಲಿಗೆ ಕಚ್ಚುತ್ತಿತ್ತು, ಆರನೇ ಕಿಲೋಮೀಟರಿಗೆ ಹಿಮ್ಮಡಿ ಗೊಣಗಲು ಶುರು ಮಾಡುತ್ತಿತ್ತು. ಎಡಗಾಲಿಗೆ ಇದ್ಯಾವ ರಗಳೆಯೂ ಇರಲಿಲ್ಲ. ಅದು ಅರಳೆಯ ಮೇಲೆ ಹೆಜ್ಜೆ ಇಟ್ಟಂತೆ ಹೋಗುತ್ತಿತ್ತು. ಎಲ್ಲ ಹೊಸ ಶೂವಿನ ಮಹಿಮೆ ಅಂದುಕೊಂಡೆ. ಒಂದೇ ಜೊತೆ ಶೂ ಒಂದೇ ಕಾಲಿಗೆ ಯಾಕೆ ಮಹಿಮೆ ತೋರಿಸುತ್ತದೆ ಎಂದು ಕೇಳಿಕೊಳ್ಳುವ ಬುದ್ಧಿ, ಇಪ್ಪತ್ತು ವರ್ಷ ಗಣಿತ ಪಾಠ ಮಾಡಿದವಳಿಗೆ ಬರಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಫೈಲನ್ನು ಬೋರಲು ಹಾಕಿಕೊಂಡು ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ಹಾಗೆ ಕೂತಿದ್ದೆ. ಪಕ್ಕದಲ್ಲಿ ಯಾರಾದರೂ ಬಂದು, ನನಗೂ ಇದೇ ಆಗಿತ್ತು ಕಣಮ್ಮ, ನೋಡು ಹೇಗಿದ್ದೀನಿ ಎಂದಿದ್ದರೆ ಅವತ್ತು ನನಗೆ ಎಷ್ಟೋ ಧೈರ್ಯ ಬರುತ್ತಿತ್ತು. ಯಾರೂ ಬರಲಿಲ್ಲ. ಅದಕ್ಕೇ ನಾನು ಬಂದು ಕೂತಿದ್ದೇನೆ ಎಂದುಕೊಳ್ಳಿ.

ನಾನು ಹಳ್ಳಿಮೈಸೂರಿನ ಹೈಸ್ಕೂಲಿನಲ್ಲಿ ಟೀಚರ್. ಮನೆ ಹೊಳೆನರಸೀಪುರದಲ್ಲಿ. ಗಂಡ ರವಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಅಂಗಡಿ ನಡೆಸುತ್ತಾರೆ. ಅತ್ತೆ ಕೆಂಪಮ್ಮ ಮನೆಯನ್ನೂ ನಮ್ಮಿಬ್ಬರನ್ನೂ ನಡೆಸುತ್ತಾರೆ. ನಲವತ್ತು ದಾಟಿದ ಮೇಲೆ ಸೀರೆಯ ನೆರಿಗೆ ಕಡಿಮೆಯಾಗುತ್ತಾ ಬಂತೆಂದು ನಾಲೆ ಏರಿಯ ಮೇಲೆ ನಡೆಯಲು ಹೊರಟವಳು ನಾನು. ಒಂದು ಬೆಳಿಗ್ಗೆ ಯಾರದೋ ಹಸು ಅಟ್ಟಿಸಿಕೊಂಡು ಬಂದಿದ್ದರಿಂದ ಓಡಿದೆ. ಹಸು ನಿಂತ ಮೇಲೂ ನಾನು ನಿಲ್ಲಲಿಲ್ಲ. ಓಡುವುದು ಇಷ್ಟು ಹಿತ ಎಂದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಓಟದ ವಿದ್ಯೆ ಹೇಳಿಕೊಟ್ಟವರು ನಮ್ಮ ಶಾಲೆಯ ಪೀಟಿ ಮೇಷ್ಟ್ರು ನಿಂಗರಾಜು. "ಮೇಡಂ, ಜೋರಾಗಿ ಓಡೋದು ದೊಡ್ಡದಲ್ಲ. ಮಾತಾಡ್ಕಂಡು ಓಡೋಕೆ ಆಯ್ತದಾ ನೋಡಿ. ಏದುಸ್ರು ಬಂತು ಅಂದ್ರೆ ನಿಧಾನ ಮಾಡಿ" ಎಂದರು. ವಾರದಲ್ಲಿ ಮೂರು ದಿನ ಹಾಗೆ ನಿಧಾನ. ಒಂದು ದಿನ ಮಾತ್ರ ನಾಲೆ ಪಕ್ಕದ ಲೈಟುಕಂಬಗಳ ಲೆಕ್ಕ: ಒಂದು ಕಂಬ ಜೋರು, ಎರಡು ಕಂಬ ಮೆಲ್ಲಗೆ. ಫೋನಿನೊಳಗಿನ ಹೆಂಗಸು ಕಿಲೋಮೀಟರಿಗೊಮ್ಮೆ ನನ್ನ ವೇಗ ಹೇಳುತ್ತಿದ್ದಳು. ಕಿಲೋಮೀಟರಿಗೆ ಒಂಬತ್ತು ನಿಮಿಷದಿಂದ ಎಂಟಕ್ಕೆ ಇಳಿಯಲು ಐದು ತಿಂಗಳು ಬೇಕಾಯಿತು. ಹತ್ತು ಕಿಲೋಮೀಟರನ್ನು ಒಂದು ಗಂಟೆಯೊಳಗೆ ಮುಗಿಸಬೇಕು, ಅದು ನನ್ನ ಆಸೆ. ಯಾರಿಗೂ ಹೇಳಿರಲಿಲ್ಲ, ನಿಂಗರಾಜು ಮೇಷ್ಟ್ರಿಗೆ ಮಾತ್ರ ಹೇಳಿದ್ದೆ.

ಆ ಬೆಳಗುಗಳನ್ನು ಈಗಲೂ ನೆನೆಯುತ್ತೇನೆ. ನೀರಿನ ಮೇಲೆ ಮಂಜು ಮಲಗಿರುತ್ತಿತ್ತು. ಎದುರಿಗೆ ಬರುವ ಸೈಕಲ್ಲು ಕಾಣುವ ಮೊದಲೇ ಅದರ ಹಾಲಿನ ಕ್ಯಾನಿನ ಸದ್ದು ಬರುತ್ತಿತ್ತು. ನಾಲೆಯ ನೀರೂ ನಾನೂ ಒಂದೇ ಕಡೆಗೆ ಹೋಗುತ್ತಿದ್ದೆವು. ಕೆಲವು ಸಲ ನಾನು ನಿಂತಲ್ಲೇ ಇದ್ದೇನೆ, ಕಬ್ಬಿನ ಗದ್ದೆಗಳು ಹಿಂದಕ್ಕೆ ನಡೆಯುತ್ತಿವೆ ಅನ್ನಿಸುತ್ತಿತ್ತು. ಮನೆಗೆ ಬಂದು ಇಡ್ಲಿ ಹಿಟ್ಟು ಹುಯ್ಯುವಾಗಲೂ ಅರ್ಧ ಜೀವ ಅಲ್ಲೇ ಇರುತ್ತಿತ್ತು.

ಹಳೆಯ ಶೂ ಎಡಗಾಲಿನ ಕಿರುಬೆರಳನ್ನು ಕಚ್ಚುತ್ತಿತ್ತೆಂದು ಹಾಸನದ ಅಂಗಡಿಗೆ ಹೋದೆ. ಮೇಷ್ಟ್ರು ಹೇಳಿದ್ದಂತೆ ಸಂಜೆಯೇ ಹೋದೆ. ದಿನವೆಲ್ಲ ನಿಂತ ಕಾಲು ಸಂಜೆಗೆ ಸ್ವಲ್ಪ ಊದಿಕೊಂಡಿರುತ್ತದೆ, ಅಳತೆ ನೋಡಬೇಕಾದದ್ದು ಆ ಕಾಲಿಗೆ. ಬೆರಳುಗಳ ಮುಂದೆ ಹೆಬ್ಬೆರಳಿನಗಲ ಜಾಗ ಬಿಟ್ಟಿರಬೇಕು. ಬೆಲೆ ನೋಡಿ ಅಲ್ಲ, ಓಡಿ ನೋಡಿ ಕೊಳ್ಳಬೇಕು. ಚೂಡಿದಾರದ ವೇಲು ಸೊಂಟಕ್ಕೆ ಕಟ್ಟಿ ಅಂಗಡಿಯ ಮುಂದಿನ ಫುಟ್‌ಪಾತಿನ ಮೇಲೆ ಇಪ್ಪತ್ತು ಹೆಜ್ಜೆ ಓಡಿದೆ. ಹೂ ಮಾರುವವಳು ಬುಟ್ಟಿಯನ್ನು ಹತ್ತಿರಕ್ಕೆಳೆದುಕೊಂಡಳು. ದಪ್ಪ ತಳದ ನೀಲಿ ಶೂ. ಎಡಗಾಲಿಗೆ ಏನೂ ಗೊತ್ತಾಗಲಿಲ್ಲ, ಅಷ್ಟು ಹಾಯೆನಿಸಿತು. ಊರಿಗೆ ಬಂದು ಸಿಕ್ಕವರಿಗೆಲ್ಲ ಅದೇ ಶೂ ತಗೊಳ್ಳಿ ಎಂದು ಬೋಧಿಸಿದೆ. ನಿಂಗರಾಜು ಮೇಷ್ಟ್ರೇ ಒಂದು ಜೊತೆ ತಂದುಬಿಟ್ಟರು. ಎರಡೇ ದಿನಕ್ಕೆ "ನಂಗ್ಯಾಕೋ ಕಚ್ತದಲ್ಲಾ ಮೇಡಂ" ಎಂದರು. ನಿಮ್ಮ ಕಾಲೇ ಸರಿಯಿಲ್ಲ ಸರ್ ಎಂದು ನಕ್ಕಿದ್ದೆ.

ಕಿಲೋಮೀಟರಿಗೆ ಏಳು ನಿಮಿಷಕ್ಕೆ ಬಂದೆ. ಎಡ ಮಂಡಿಯ ಕೆಳಗೆ, ಹೊರಮಗ್ಗುಲಿಗೆ, ಅಂಗೈಯಗಲ ಬಣ್ಣ ಮಾಸಿದ್ದು ಕಂಡಿತ್ತು. ಬಿಸಿಲಿಗೆ ಇರಬೇಕೆಂದು ಬಿಟ್ಟೆ.

ಆ ಬೇಸಿಗೆಯಲ್ಲಿ ಅರಕಲಗೂಡಿನ ನಾದಿನಿಯ ಮಗಳಿಗೆ ಮಗುವಾಯಿತೆಂದು, ಹರಕೆ ತೀರಿಸಲು ಎಲ್ಲರೂ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಗೆ ಹೋದೆವು. ಹೊರಡುವುದೇ ತಡವಾಗಿ, ತಲುಪಿದಾಗ ನಡು ಮಧ್ಯಾಹ್ನ. ಚಪ್ಪಲಿ ಬಿಟ್ಟು ಅಂಗಳದ ಕಲ್ಲುಹಾಸಿಗೆ ಕಾಲಿಟ್ಟವರೆಲ್ಲ ಕೋಳಿಗಳಂತೆ ಕುಪ್ಪಳಿಸಿ ನೆರಳಿಗೆ ಓಡಿದರು. ಅತ್ತೆ ಹರಕೆಯ ಮೂರು ಸುತ್ತನ್ನು ಯಾರಾದರೂ ಹಾಕಲೇಬೇಕು ಎಂದು ಪಟ್ಟು ಹಿಡಿದರು. ಓಡುವವಳು ನಾನೇ ತಾನೆ, ಹೊರಟೆ. ಬಲಗಾಲು ಸುಡುತ್ತಿತ್ತು, ಅದನ್ನು ಬೇಗ ಎತ್ತಿ ಭಾರವನ್ನೆಲ್ಲ ಎಡಗಾಲಿನ ಮೇಲೆ ಬಿಟ್ಟೆ. ಎಡಗಾಲಿಗೆ ಕಲ್ಲು ತಣ್ಣಗೂ ಇರಲಿಲ್ಲ, ಬಿಸಿಯೂ ಇರಲಿಲ್ಲ. ಮೂರಲ್ಲ, ಐದು ಸುತ್ತು ಹಾಕಿದೆ. ಗಾಳಿ ಇರಲಿಲ್ಲ, ಗೋಪುರದ ನೆರಳು ಕಾಲಡಿಗೇ ಸರಿದಿತ್ತು, ನಾನು ಯಾವುದೋ ನಿದ್ದೆಯಲ್ಲಿ ತೇಲುತ್ತಿದ್ದೇನೆ ಅನ್ನಿಸಿತು.

"ನೋಡ್ರವ್ವಾ, ಬೆಂಕಿಯಂಗಿರೋ ಕಲ್ಲಿನ ಮ್ಯಾಲೆ ಎಂಗೆ ನಡೀತಾವ್ಳೆ. ನಮ್ಮ ಸೊಸೆಗೆ ಅಮ್ಮ ಒಲ್ದವ್ಳೆ ಕಣ್ರವ್ವಾ" ಎಂದು ಅತ್ತೆ ನೆಂಟರ ಮುಂದೆ ಕಣ್ಣಿಗೆ ಸೆರಗು ಒತ್ತಿಕೊಂಡರು. ಇಪ್ಪತ್ತು ವರ್ಷದಲ್ಲಿ ನನ್ನನ್ನು ನಾಲ್ಕು ಜನರ ಮುಂದೆ ಹೊಗಳಿದ್ದು ಅದೇ ಮೊದಲು. ನನಗೂ ಒಳಗೊಳಗೇ ಜಂಬ ಬಂತು.

ಸಂಜೆ ನೋಡಿದರೆ ಎಡ ಅಂಗಾಲಿನಲ್ಲಿ ದೊಡ್ಡ ಬೊಬ್ಬೆ ಎದ್ದಿತ್ತು. ಒತ್ತಿದೆ, ನೋವಿಲ್ಲ. ನೋವಿಲ್ಲದ್ದು ಗಾಯವೇ ಅಲ್ಲ ಎಂದು ಮುಲಾಮು ಸವರಿ ಮೂರನೇ ದಿನ ಓಡಿದೆ. ಅಂದು ಫೋನಿನ ಹೆಂಗಸು ಆರೂಮುಕ್ಕಾಲು ನಿಮಿಷ ಎಂದಳು. ನನ್ನ ಜೀವನದ ಅತಿ ಒಳ್ಳೆಯ ಓಟ ಅದು. ಕಾಲುಚೀಲ ಬಿಚ್ಚಿದಾಗ ರಕ್ತದಲ್ಲಿ ತೊಯ್ದಿತ್ತು.

ಇದನ್ನು ಪತ್ತೆ ಮಾಡಿದ್ದು ನಿಂಗರಾಜು ಮೇಷ್ಟ್ರ ಕಿವಿ. ಗಾಯಕ್ಕೆ ಪಟ್ಟಿ ಸುತ್ತಿಕೊಂಡು ಮತ್ತೆ ಓಡುತ್ತಿದ್ದ ಒಂದು ದಿನ, ಹಿಂದಿನಿಂದ ಬರುತ್ತಿದ್ದವರು ನಿಲ್ಲಿಸಿದರು. "ಮೇಡಂ, ನಿಮ್ಮ ಎಡಗಾಲು ಟಪ್ ಟಪ್ ಅಂತ ಬೀಳ್ತೈತೆ. ಬಲಗಾಲು ಅಂಗಿಲ್ಲ. ಶೂ ತೋರ್ಸಿ." ಎಡ ಶೂವಿನ ಮುಂಭಾಗ ನೆಲಕ್ಕೆ ಉಜ್ಜಿ ಸವೆದಿತ್ತು. ಹಿಮ್ಮಡಿ ಊರಿ ಪಾದ ಎತ್ತಿ ಅಂದರು. ಬಲ ಪಾದ ಎದ್ದಿತು. ಎಡ ಪಾದ ಕೇಳಿಸದವರ ಹಾಗೆ ಅರ್ಧಕ್ಕೇ ನಿಂತಿತು. "ಇವತ್ತೇ ಆಸ್ಪತ್ರೆಗೆ ಓಗಿ. ನಾಳೆ ಅನ್ಬೇಡಿ" ಎಂದರು. ಅವರು ನಗದೆ ಮಾತಾಡಿದ್ದನ್ನು ನಾನು ನೋಡಿದ್ದು ಅವತ್ತೇ.

ಹಾಸನದ ಆಸ್ಪತ್ರೆಯಲ್ಲಿ ಮೂಳೆಯವರು ನರದವರ ಹತ್ತಿರ ಕಳಿಸಿದರು, ನರದವರು ಮಾಸಿದ ಚರ್ಮ ನೋಡಿ ಚರ್ಮದವರ ಹತ್ತಿರ ಕಳಿಸಿದರು. ಬೆಂಚಿನ ಮೇಲೆ ಕೂತಿದ್ದಾಗ ನನ್ನ ಒಬ್ಬ ವಿದ್ಯಾರ್ಥಿಯ ಅಪ್ಪ ಕಂಡರು. "ಏನ್ ಮೇಡಂ, ಇಲ್ಲಿ?" ಕೂದಲು ಉದುರುತ್ತಿದೆ ಎಂದೆ. ಅವರೂ ತಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡು, ನಂಗೂ ಅದೇ ಮೇಡಂ, ಎಂದರು. ಅವರ ತಲೆ ಪೂರ್ತಿ ಬೋಳು. ಇಬ್ಬರೂ ಗಂಭೀರವಾಗಿ ಗೋಡೆಯ ಕಡೆ ನೋಡುತ್ತಾ ಕೂತೆವು.

ಡಾಕ್ಟರಮ್ಮ ನನಗಿಂತ ಚಿಕ್ಕವರು. ಗ್ಲೌಸು ಹಾಕದೆ ನನ್ನ ಪಾದ ಹಿಡಿದುಕೊಂಡರು. ಅದು ಎಷ್ಟು ದೊಡ್ಡ ಉಪಕಾರ ಎಂದು ಅರ್ಧ ಗಂಟೆಯ ನಂತರ ತಿಳಿಯಿತು. "ಕಣ್ಣು ಮುಚ್ಚಿ. ಮುಟ್ಟಿದಾಗೆಲ್ಲ ಹೂಂ ಅನ್ನಿ" ಎಂದರು. ಕಣ್ಣು ಮುಚ್ಚಿದೆ. ಫ್ಯಾನಿನ ಸದ್ದು, ಹೊರಗೆ ಯಾರೋ ನಂಬರು ಕೂಗುವ ಸದ್ದು, ಜೊತೆಗೆ ಬಂದಿದ್ದ ರವಿಯ ಉಸಿರು. ಕಾದೆ. ಕಾದು ಕಾದು, "ಯಾವಾಗ ಶುರು ಮಾಡ್ತೀರಾ ಡಾಕ್ಟ್ರೇ?" ಎಂದು ಕೇಳಿದೆ.

"ಮುಗೀತು" ಎಂದರು.

ಕಣ್ಣು ಬಿಟ್ಟೆ. ನನ್ನ ಅಂಗಾಲಿನ ತುಂಬ ಪೆನ್ನಿನ ಚುಕ್ಕೆಗಳಿದ್ದವು. ಅಷ್ಟೊಂದು ಚುಕ್ಕೆ ಇಡುವಾಗ ನಾನು ಎಲ್ಲಿದ್ದೆ?

ಕುಷ್ಠ, ಎಂದು ಅವರು ಮೆಲ್ಲಗೆ ಹೇಳಿದರು. ಮಾತ್ರೆ ಇದೆ, ದುಡ್ಡಿಲ್ಲದೆ ಕೊಡುತ್ತಾರೆ, ಒಂದು ವರ್ಷ ತಗೊಂಡರೆ ಕಾಯಿಲೆ ಹೋಗುತ್ತದೆ, ಮಾತ್ರೆ ಶುರುವಾದ ಮೇಲೆ ಯಾರಿಗೂ ಅಂಟುವುದಿಲ್ಲ ಎಂದರು. ಪಾದ ಎತ್ತುವ ಶಕ್ತಿ ಬಹುಶಃ ವಾಪಸು ಬರಬಹುದು, ಸ್ಪರ್ಶ ಬರುತ್ತದೋ ಇಲ್ಲವೋ ಹೇಳಲಾಗದು. ನಾನು ತಲೆಯಾಡಿಸುತ್ತಿದ್ದೆ. ಕೇಳಬೇಕೆಂದಿದ್ದ ಒಂದೇ ಪ್ರಶ್ನೆ ನಾಚಿಕೆಯಿಂದ ಬಾಯಿಗೆ ಬರಲಿಲ್ಲ. ಸ್ಪರ್ಶವೇ ಬರುತ್ತದೋ ಇಲ್ಲವೋ ಎನ್ನುವಾಗ ಅದನ್ನು ಹೇಗೆ ಕೇಳುವುದು? ಆಗ ರವಿ, ನನ್ನ ಓಟವನ್ನು ಮೂರು ವರ್ಷ ಆಡಿಕೊಂಡು ನಕ್ಕ ಮನುಷ್ಯ, ಕೆಮ್ಮಿ ಗಂಟಲು ಸರಿಮಾಡಿಕೊಂಡು ಕೇಳಿದರು. "ಇವಳು ಮತ್ತೆ ಓಡಬೋದಾ ಮೇಡಂ?"

"ಮೊದಲು ಗಾಯ ಮಾಯಬೇಕು. ನೋವೇ ಗೊತ್ತಾಗದ ಕಾಲಲ್ಲಿ ಓಡಿದ್ರೆ ಇನ್ನೊಂದು ಗಾಯ ಆಗುತ್ತೆ, ಅದು ಒಳಗಿಳಿದ್ರೆ ಕಾಲಿಗೇ ಕುತ್ತು. ಒಂದು ವರ್ಷ ಓಟದ ಮಾತು ಬೇಡ. ಆಮೇಲೆ ನೋಡೋಣ."

ನೋಡೋಣ ಎಂಬ ಆ ಒಂದು ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದೆ. ಕಿಟಕಿಯಿಂದ ಹಾಸನ ಹಿಂದಕ್ಕೆ ಹೋಯಿತು. ರವಿ ನನ್ನ ಎಡ ಶೂವಿನ ಲೇಸು ಬಿಚ್ಚಿಹೋಗಿದ್ದನ್ನು ಬಗ್ಗಿ ಕಟ್ಟಿದರು. ಆಗ ನನಗೆ ಅಳು ಬಂತು.

ಅತ್ತೆಗೆ ನರದ ತೊಂದರೆ ಎಂದಷ್ಟೇ ಹೇಳುವುದೆಂದು ಮಾತಾಡಿಕೊಂಡಿದ್ದೆವು. ಅದು ನಾಲ್ಕೇ ದಿನ ನಡೆಯಿತು. ಮನೆಯವರನ್ನೆಲ್ಲ ಪರೀಕ್ಷೆ ಮಾಡಲು ಆರೋಗ್ಯ ಕೇಂದ್ರದ ನರ್ಸಮ್ಮ ಬಂದರು. ನಾವು ಮುಚ್ಚಿಟ್ಟದ್ದು ಅವರಿಗೇನು ಗೊತ್ತು, ಕಾಯಿಲೆಯ ಹೆಸರನ್ನು ಸೌತೆಕಾಯಿ ಬೆಲೆ ಹೇಳಿದಷ್ಟು ಸಲೀಸಾಗಿ ಹೇಳಿ, ಅತ್ತೆಯ ಬೆನ್ನು ಕೈ ನೋಡಿ, ಏನೂ ಇಲ್ಲ ಅಜ್ಜಿ ಎಂದು ಒಂದು ಸಲಕ್ಕೆ ನುಂಗುವ ಮಾತ್ರೆ ಕೊಟ್ಟುಹೋದರು. ಅತ್ತೆ ಮಾತ್ರೆ ಅಂಗೈಯಲ್ಲಿ ಹಿಡಿದು ತುಂಬ ಹೊತ್ತು ನಿಂತಿದ್ದರು.

"ದೊಡ್ಡ ರೋಗವಾ?" ಎಂದರು ರವಿಯನ್ನು ನೋಡಿ. ನನ್ನನ್ನು ನೋಡಲಿಲ್ಲ.

"ಈಗ ಅಂಗೆಲ್ಲ ಅನ್ನಲ್ಲ ಕಣವ್ವ. ಮಾತ್ರೆಗೆ ಓಯ್ತದೆ."

ಅತ್ತೆ ಮಾತ್ರೆ ನುಂಗಿದರು. ಒಳಗೆ ಹೋಗಿ ಚೀಲಕ್ಕೆ ಎರಡು ಸೀರೆ ತುಂಬಿಕೊಂಡು ಬಂದರು. "ಅರಕಲಗೂಡಿಗೆ ಓಯ್ತೀನಿ. ಮಗಳ ಮನೇಲಿರ್ತೀನಿ" ಎಂದು ಚಪ್ಪಲಿ ಮೆಟ್ಟಿದರು. ಹಿಂದಿನ ತಿಂಗಳು ದೇವಿ ಒಲಿದ ಕಾಲು, ಈ ತಿಂಗಳು ದಾಟಿಕೊಂಡು ಹೋಗಬೇಕಾದ ಕಾಲು. ನನಗೆ ಕೋಪ ಬಂತು. ಅವರು ಉಂಡ ತಟ್ಟೆಯನ್ನು ಕುಕ್ಕಿ ಕುಕ್ಕಿ ತೊಳೆದೆ. ಆಮೇಲೆ ಹಿತ್ತಲಿನ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

ಹದಿನೈದು ದಿನಕ್ಕೆ ಅತ್ತೆ ವಾಪಸು ಬಂದರು. ಚೀಲ ಮೂಲೆಗಿಟ್ಟು, "ಸಾರಿಗೆ ಉಪ್ಪು ಆಕಿದ್ದೀಯಾ?" ಎಂದು ಅಡಿಗೆಮನೆಗೆ ಹೋದರು. ಯಾಕೆ ಹೋದಿರಿ ಎಂದು ನಾನು ಕೇಳಲಿಲ್ಲ, ಯಾಕೆ ಬಂದೆ ಎಂದು ಅವರು ಹೇಳಲಿಲ್ಲ. ಒಂದೇ ಪಾತ್ರೆಯ ಅನ್ನ ಉಂಡೆವು, ಒಂದೇ ಚಾಪೆಯ ಮೇಲೆ ಕೂತು ಅವರೆಕಾಯಿ ಸುಲಿದೆವು. ನಡುವೆ ಒಂದು ಮೊಳ ಜಾಗ ಮಾತ್ರ ಇರುತ್ತಿತ್ತು. ಅದನ್ನು ಅವರು ಬಿಟ್ಟಿದ್ದರೋ ನಾನು ಬಿಟ್ಟಿದ್ದೆನೋ ಈಗ ಹೇಳಲಾರೆ.

ಆ ವರ್ಷವೆಲ್ಲ ಒಂದು ಮಧ್ಯಾಹ್ನದ ಜೊಂಪಿನಂತೆ ಕಳೆಯಿತು. ತಿಂಗಳಿಗೊಮ್ಮೆ ಮಾತ್ರೆಯ ಹಾಳೆ ತರುವುದು, ಆ ದಿನ ಮೂತ್ರ ಕೆಂಪಗೆ ಹೋಗುವುದು, ಮುಖ ಕಪ್ಪಿಟ್ಟುಕೊಂಡು ಬರುವುದು. ನರಕ್ಕೆ ಕೊಟ್ಟ ಮಾತ್ರೆಗೆ ಕೆನ್ನೆ ಊದಿ, ಇಡೀ ದಿನ ಹಸಿವು. ಮೇಡಂ, ಟ್ರಿಪ್ಪಿಗೆ ಹೋಗಿದ್ರಾ, ಟ್ಯಾನ್ ಆಗಿದ್ದೀರಾ ಎಂದು ಹತ್ತನೇ ಕ್ಲಾಸಿನ ಹುಡುಗಿಯರು ಕೇಳಿದರು. ಹೂಂ ಎಂದೆ. ನಿಂಗರಾಜು ಮೇಷ್ಟ್ರಿಗೆ ಮಾತ್ರ ನಿಜ ಹೇಳಿದೆ. ಅವರು ತಮ್ಮ ಕಾಲಿನ ಕಡೆ ನೋಡಿಕೊಂಡು, "ಅಲ್ಲಾ ಮೇಡಂ, ಆ ಶೂ ತಗಳೋಕೆ ಮುಂಚೆ ಹೇಳಬಾರ್ದಿತ್ತಾ. ನನ್ನ ದುಡ್ಡು ಉಳೀತಿತ್ತು" ಎಂದರು. ಆ ತಿಂಗಳಲ್ಲಿ ನಾನು ನಕ್ಕಿದ್ದು ಅದೊಂದೇ ಸಲ. ಆಮೇಲೆ ಸ್ಟಾಫ್ ರೂಮಿನಲ್ಲಿ ನನ್ನ ಡಬ್ಬಿಯ ಚಿತ್ರಾನ್ನಕ್ಕೆ ಎಂದಿನಂತೆ ಕೈ ಹಾಕಿದರು.

ರಜೆಯ ಮಧ್ಯಾಹ್ನಗಳಲ್ಲಿ ಪಡಸಾಲೆಯ ದಿಂಬಿಗೆ ತಲೆಯಿಟ್ಟು ಕಣ್ಣು ಮುಚ್ಚಿ ಓಡುತ್ತಿದ್ದೆ. ತೂಬಿನ ಹತ್ತಿರ ಶುರು, ಒಂದು ಕಂಬ ಜೋರು, ಎರಡು ಕಂಬ ಮೆಲ್ಲಗೆ. ಹೊಂಗೆಯ ನೆರಳು, ಪಂಪ್‌ಹೌಸು, ಬಟ್ಟೆ ಒಗೆಯುವ ಸೋಪಾನ, ತಿರುವು. ಆ ಓಟದಲ್ಲಿ ಎರಡೂ ಕಾಲು ನೋಯುತ್ತಿದ್ದವು. ಏಳುವಾಗ ತೊಡೆಯಲ್ಲಿ ನಿಜವಾಗಿ ಸುಸ್ತಿರುತ್ತಿತ್ತು. ಬೆಳಿಗ್ಗೆ ಸಂಜೆ ಅಂಗಾಲನ್ನು ನೀರಲ್ಲಿ ನೆನೆಸಿ, ಎಣ್ಣೆ ಸವರಿ, ಕೈಕನ್ನಡಿ ಹಿಡಿದು ನೋಡುವುದು ನನ್ನ ಪೂಜೆಯಾಯಿತು. ಸಂಜೆ ರವಿ ಒಮ್ಮೆ ನೋಡುತ್ತಿದ್ದರು, ಮೋಟಾರಿನ ಕಾಯಿಲು ನೋಡುವಷ್ಟೇ ಶ್ರದ್ಧೆಯಿಂದ. ಗಾಯ ಮಾಯಿತು. ಪಾದ ಒಂದು ದಿನ ಮೂರು ಬೆರಳೆತ್ತರ ಎದ್ದಿತು, ಆಮೇಲೆ ಪೂರ್ತಿ ಎದ್ದಿತು. ಸ್ಪರ್ಶ ಮಾತ್ರ ಬರಲಿಲ್ಲ.

ವರ್ಷ ತುಂಬಿತು, ಮಾತ್ರೆ ನಿಂತಿತು. ಡಾಕ್ಟರಮ್ಮ ಬಹಳ ಯೋಚಿಸಿ, "ಮೆತ್ತನೆಯ ಮಣ್ಣಲ್ಲಿ, ನಿಧಾನಕ್ಕೆ, ಸ್ವಲ್ಪ ಸ್ವಲ್ಪ. ಒಂದೊಂದು ಕಿಲೋಮೀಟರಿಗೂ ನಿಂತು ಶೂ ಬಿಚ್ಚಿ ಅಂಗಾಲು ನೋಡಬೇಕು. ಎಲ್ಲಾದ್ರೂ ಕೆಂಪು ಕಂಡ್ರೆ ಅಲ್ಲಿಗೇ ಮುಗೀತು, ನಡ್ಕೊಂಡೂ ಬರಬೇಡಿ, ಗಾಡಿ ಕರೆಸಿ" ಎಂದರು. ನನಗೆ ಅಷ್ಟು ಸಾಕಾಗಿತ್ತು.

ಅಗಲ ಮೂತಿಯ ಶೂ ಸಿಗುವ ಅಂಗಡಿಯೊಂದನ್ನು ರವಿ ಚನ್ನರಾಯಪಟ್ಟಣದಲ್ಲಿ ಹುಡುಕಿದ್ದರು. ಕಚ್ತದಾ ಮೇಡಂ, ಎಂದು ಅಂಗಡಿಯವನು ಕೇಳಿದ. ನನಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಮನೆಯಲ್ಲೇ ರಟ್ಟಿನ ಮೇಲೆ ನಿಂತು ಎಡ ಪಾದದ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದು, ಕತ್ತರಿಸಿ ತಂದಿದ್ದೆ. ಶೂವಿನೊಳಗಿನ ಮೆತ್ತೆ ತೆಗೆಸಿ, ಅದರ ಮೇಲೆ ನನ್ನ ರಟ್ಟಿನ ಪಾದ ಇಟ್ಟು ನೋಡಿದೆ. ಏಳನೇ ಜೊತೆಯಲ್ಲಿ ರಟ್ಟು ಸುತ್ತಲೂ ಜಾಗ ಬಿಟ್ಟು ಕೂತಿತು. ರವಿ ಮೊಣಕೈವರೆಗೆ ತೋಳು ಮಡಚಿ ಶೂವಿನೊಳಗೆ ಕೈ ಹಾಕಿ, ಹೊಲಿಗೆ ಗಂಟು ಎಲ್ಲಾದರೂ ಇದೆಯೇ ಎಂದು ತಡಕಿದರು. ಇಲ್ಲ ಎಂದರು. ತಗೊಂಡೆವು.

ಮೊದಲ ಓಟದ ಬೆಳಿಗ್ಗೆ ಅವರೇ ಜೊತೆಗೆ ಬರಬೇಕಿತ್ತು. ಮಲ್ಲಿಪಟ್ಟಣದ ಕಡೆ ಯಾರದೋ ಬೋರಿನ ಮೋಟಾರು ಸುಟ್ಟು, ಬೆಳೆ ಒಣಗುತ್ತದೆಂದು ಕರೆ ಬಂದು ಹೊರಟರು. ನಾಳೆ ಹೋದರಾಯಿತು ಎಂದು ಶೂ ಬಿಚ್ಚತೊಡಗಿದೆ. ಅಡಿಗೆಮನೆಯಿಂದ ಅತ್ತೆ ಕನ್ನಡಕ ಒರೆಸಿಕೊಳ್ಳುತ್ತಾ ಬಂದರು. "ನಡಿಯಮ್ಮಿ, ನಾ ಬತ್ತೀನಿ" ಎಂದರು.

ನಾಲೆ ಏರಿಯ ಕಲ್ಲೊಂದರ ಮೇಲೆ ಅವರನ್ನು ಕೂರಿಸಿದೆ. ಅಲ್ಲಿಂದ ಅರ್ಧ ಕಿಲೋಮೀಟರು ಹೋಗಿ ತಿರುಗಿ ಬರುವುದು. ಮಂಜು ಇತ್ತು. ಬಲಗಾಲು ನೆಲದ ಸುದ್ದಿ ಹೇಳುತ್ತಿತ್ತು, ಎಡಗಾಲಿನ ಮಾತನ್ನು ಕಿವಿಯಿಂದ ಕೇಳಿಕೊಳ್ಳುತ್ತಾ ಓಡಿದೆ. ಟಪ್ ಅನ್ನುತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂದು ಕಬ್ಬಿನ ಗದ್ದೆ ಕದಡಿತು. ಕಿಲೋಮೀಟರಿಗೆ ಹತ್ತು ನಿಮಿಷ ಎಂದಳು ಫೋನಿನ ಹೆಂಗಸು. ನಾನು ಓಡಲು ಕಲಿತ ದಿನಕ್ಕಿಂತಲೂ ನಿಧಾನ.

ಅತ್ತೆಯ ಪಕ್ಕ ಕೂತು ಶೂ ಬಿಚ್ಚಿ, ಕೈಕನ್ನಡಿ ತೆಗೆದೆ. ಮಂಜಿಗೆ ಕನ್ನಡಿ ಮಬ್ಬಾಗಿ ಏನೂ ಕಾಣಲಿಲ್ಲ.

"ಕೊಡಿಲ್ಲಿ ಕಾಲ" ಎಂದು ಅತ್ತೆ ಕೈ ಚಾಚಿದರು.

ಹಿಂದಕ್ಕೆಳೆದುಕೊಂಡೆ. ಅತ್ತೆ ಸೊಸೆಯ ಕಾಲು ಮುಟ್ಟುವುದುಂಟೇ. "ಬೇಡಿ ಅತ್ತೆ. ನಂಗೆ ಪಾಪ ಬರುತ್ತೆ."

ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನೀರಿನ ಕಡೆ ನೋಡುತ್ತಾ ಹೇಳಿದರು. "ನಂಗೊಬ್ಳು ಸೋದರತ್ತೆ ಇದ್ಲು ಕಣಮ್ಮಿ. ಅವ್ಳಿಗೂ ಇದೇ. ಒಲದ ಬದಿಗೆ ಗುಡ್ಲಾಕಿ ಮಡಗಿದ್ರು. ನಾ ಸಣ್ಣೋಳು, ದಿನಾ ಮುದ್ದೆ ತಗಂಡೋಗಿ ದೂರ ಇಟ್ಬುಟ್ಟು ಓಡ್ಬತ್ತಿದ್ದೆ. ನಿಂತ್ಕಳಮ್ಮಿ, ಒಂಚೂರು ಮಾತಾಡ್ಸು ಅಂತಿದ್ಲು. ನಾ ನಿಂತ್ಕಂಡಿದ್ದೇ ಇಲ್ಲ. ಅರಕಲಗೂಡಲ್ಲಿ ಹದಿನೈದು ದಿನ ಕಣ್ಮುಚ್ಚಿದ್ರೂ ಅವ್ಳೇ ಬತ್ತಿದ್ಲು." ನನ್ನ ಕಡೆ ತಿರುಗಿದರು. "ಪಾಪ ಯಾವ್ದು ಅಂತ ನಂಗೆ ಗೊತ್ತು. ಕೊಡು."

ಕೊಟ್ಟೆ.

ಅವರು ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಬೆವರು ಒರೆಸಿದರು. ಒಂದೊಂದೇ ಬೆರಳು ಬಿಡಿಸಿ ಸಂದು ನೋಡಿದರು. ಆಮೇಲೆ ಅಂಗಾಲಿನ ಮೇಲೆ ಅಂಗೈ ಇಟ್ಟರು. ಆ ಕೈ ಬೆಚ್ಚಗಿತ್ತೋ ತಣ್ಣಗಿತ್ತೋ ನನಗೆ ತಿಳಿಯಲಿಲ್ಲ. ಕೈ ಅಲ್ಲಿದೆ ಎಂಬುದು ನನಗೆ ಗೊತ್ತಾಗಲು ಕಣ್ಣೊಂದೇ ದಾರಿ. ರೆಪ್ಪೆ ಮಿಟುಕಿಸದೆ ನೋಡುತ್ತಾ ಕೂತೆ.

"ಎಲ್ಲೂ ಕೆಂಪಗಿಲ್ಲ. ಏಳು, ಇನ್ನೊಂದು ಸುತ್ತು ಓಗ್ಬಾ" ಎಂದರು.

"ಸರಿಯಾಗಿ ನೋಡಿ ಅತ್ತೆ" ಎಂದೆ. "ನಂಗೇನೂ ಅವಸರ ಇಲ್ಲ."